ಬಳಕೆಯಲ್ಲಿಲ್ಲದ ಬಯಲು

ಸುಗುಣಾಗೆ ಅಭಿಪ್ರಾಯವಿಲ್ಲದ ವಿಷಯವೊಂದು ಈ ಭೂಮಿಯ ಮೇಲೆ ಇದ್ದರೆ, ಅದಿನ್ನೂ ಅವಳ ಕಿವಿಗೆ ಬಿದ್ದಿಲ್ಲ ಎಂದಷ್ಟೇ ಅರ್ಥ. ಕ್ಷೇತ್ರ ಮರುವಿಂಗಡಣೆ, ಮೂರು ಭಾಷೆಯ ಜಗಳ, ರಾಜ್ಯಪಾಲರ ಸಹಿ, ಹೆಂಗಸರ ಉಚಿತ ಬಸ್ಸು, ಸಿನಿಮಾದವರು ಕಟ್ಟುವ ಪಕ್ಷ, ಕಾಲೇಜು ಕ್ಯಾಂಟೀನಿನ ನೀರು ಸಾಂಬಾರು, ಎಲ್ಲದರ ಮೇಲೂ ಅವಳದೊಂದು ಮಾತು ತಯಾರಾಗಿಯೇ ಇರುತ್ತಿತ್ತು. ಓಮಲೂರಿನ ಒಂದು ಕಲಾ ಕಾಲೇಜಿನಲ್ಲಿ ರಾಜ್ಯಶಾಸ್ತ್ರದ ಕೊನೇ ವರ್ಷದಲ್ಲಿದ್ದ ಈ ಹುಡುಗಿ 'ಕಡೈಸಿ ಬೆಂಚು' ಎಂಬ ಹೆಸರಿನಲ್ಲಿ ಫೋನಿನಲ್ಲೇ ವಿಡಿಯೋ ಮಾಡಿ ಹಾಕುತ್ತಿದ್ದಳು. ಕೂರುತ್ತಿದ್ದದ್ದು ಮಾತ್ರ ಮೊದಲ ಬೆಂಚಿನಲ್ಲಿ. ಕೊನೇ ಬೆಂಚಿನವರ ಮಾತಿಗೆ ಜನ ಹೆಚ್ಚು ಕಿವಿಗೊಡುತ್ತಾರೆ ಎಂದು ಯಾರೋ ಹೇಳಿದ ಮೇಲೆ ಹೆಸರು ಹಾಗಿಟ್ಟಿದ್ದಳು.

ಮಾತು ಚೆನ್ನಾಗಿತ್ತು, ಅದನ್ನು ಒಪ್ಪಬೇಕು. ಮಂತ್ರಿಗಳು ಉದ್ಘಾಟಿಸಿದ ಹಳೇ ಬಸ್ ಸ್ಟಾಪಿಗೆ ಹೊಸ ಬಣ್ಣ ಬಳಿದದ್ದನ್ನು ಅವಳು ವರ್ಣಿಸಿದರೆ ಇಡೀ ತರಗತಿ ಹೊಟ್ಟೆ ಹಿಡಿದುಕೊಂಡು ನಗುತ್ತಿತ್ತು. ತಮಿಳಿನಲ್ಲಿ ಅವಳ ನಾಲಿಗೆಗೆ ಎದುರಿಲ್ಲ. ತಾಯ್ನುಡಿ ದಿನದಂದು ಸೇಲಂನ ಒಂದು ಸಭೆಯಲ್ಲಿ, ತಾಯ್ನುಡಿಯನ್ನು ಮರೆತವನು ತಾಯಿಯನ್ನೇ ಮರೆತಂತೆ ಎಂದು ಗುಡುಗಿ, ಶಿಳ್ಳೆ ಚಪ್ಪಾಳೆ ಗಿಟ್ಟಿಸಿ, ಶಾಲು ಹೊದ್ದು ಮನೆಗೆ ಬಂದಳು. ಮನೆ ಎಂದರೆ ಕೊಳತ್ತೂರಿನ ಆಚೆ, ಪಾಲಮಲೆಯ ಬುಡದಲ್ಲಿರುವ ಬಿಳಿಕಲ್ಲಹಟ್ಟಿ. ಕುರಿ ಸಾಕುವ ನಲವತ್ತೋ ಐವತ್ತೋ ಮನೆ, ಎಲ್ಲ ಕನ್ನಡದ ಮಂದಿ. ಜಗಲಿಯ ಮೇಲೆ ಕೂತಿದ್ದ ಅಜ್ಜಿ ಸಪ್ಪಲಮ್ಮ, ಅಷ್ಟು ಜನ ಕೈ ತಟ್ಟುವಂಥದ್ದು ಏನು ಹೇಳಿದೆ ಎಂದು ಆಸೆಯಿಂದ ಕೇಳಿದಳು.

"ಅದು ನಿಂಗೆ ಪುರಿಯಾದು ಬುಡಜ್ಜಿ" ಅಂದು ಸುಗುಣಾ ಒಳಗೆ ಹೋದಳು. ನಿನಗೆ ಅರ್ಥವಾಗದು ಎನ್ನುವುದಕ್ಕೂ ತಮಿಳೇ ಬೇಕಾಯಿತು. ತಾಯ್ನುಡಿಯ ಬಗ್ಗೆ ಅಂದು ಆಡಬೇಕಾದ್ದನ್ನೆಲ್ಲ ಅವಳು ಸೇಲಂನಲ್ಲೇ ಆಡಿ ಮುಗಿಸಿದ್ದಳು, ಪಾಪ.

ಇಂಥವಳಿಗೆ 'ಇಳೈಞರ್ ಕರುತ್ತರಂಗಂ', ಅಂದರೆ ಯುವಜನರ ಅಭಿಪ್ರಾಯ ವೇದಿಕೆ, ಒದಗಿ ಬಂದದ್ದು ದೊಡ್ಡ ವಿಷಯವೇನಲ್ಲ. ಸರ್ಕಾರಕ್ಕೆ ಯುವಜನರು ಸಲಹೆ ಕೊಡಬೇಕು, ಸರ್ಕಾರ ಅದನ್ನು ಕೇಳಬೇಕು, ಇದು ಸ್ಪರ್ಧೆ. ಎರಡನೆಯದರ ಬಗ್ಗೆ ಯಾರಿಗೂ ನಂಬಿಕೆ ಇರಲಿಲ್ಲವಾದ್ದರಿಂದ ಮೊದಲನೆಯದನ್ನು ಎಲ್ಲರೂ ಧೈರ್ಯವಾಗಿ ಮಾಡುತ್ತಿದ್ದರು. ಆ ವರ್ಷದ ವಿಷಯ 'ಮರೆಯಾಗುತ್ತಿರುವ ಬದುಕುಗಳು'. ವಿಭಾಗದ ಮುಖ್ಯಸ್ಥರಾದ ರಾಜಗೋಪಾಲ್ ಸಾರ್ ಸುಗುಣಾಳನ್ನು ಕರೆದು, ನಿನ್ನ ಮನೆಯಲ್ಲೇ ವಿಷಯ ಇದೆಯಲ್ಲಮ್ಮ, ಕುರಿ ಬಗ್ಗೆ ಬರೆ ಎಂದರು. ತನ್ನ ಅಪ್ಪನ ಬದುಕು ಮರೆಯಾಗುತ್ತಿದೆ ಎಂಬುದು ಅವಳಿಗೆ ಅಂದೇ ತಿಳಿದದ್ದು. ಬೆಳಗ್ಗೆ ಬಸ್ಸು ಹತ್ತುವಾಗ ಅದು ನೂರಾರು ಕಾಲಿನ ಮೇಲೆ ಧೂಳೆಬ್ಬಿಸಿಕೊಂಡು ಕಣ್ಣೆದುರೇ ಹೋಗಿತ್ತು.

ಪ್ರಬಂಧ ಸೊಗಸಾಗಿ ಬಂತು. ಆದರೆ ಕೊನೆಯಲ್ಲಿ ಒಂದು ಶಿಫಾರಸು ಇರಬೇಕೆಂದು ನಿಯಮ. ವ್ಯಂಗ್ಯಕ್ಕೆ ಶಿಫಾರಸು ಬೇಕಿಲ್ಲ, ನೀತಿಗೆ ಬೇಕು. ಸುಗುಣಾ ಹಾಸ್ಟೆಲಿನ ಗೆಳತಿಯ ಕೋಣೆಯಲ್ಲಿ ಕೂತು ನಾಲ್ಕಾರು ವರದಿ ತಿರುವಿಹಾಕಿ, ಅವುಗಳಲ್ಲಿದ್ದ ಮಾತನ್ನೇ ತುಸು ಹೊಳಪೇರಿಸಿ ಬರೆದಳು: 'ಬಳಕೆಯಲ್ಲಿಲ್ಲದ ಪೊರಂಬೋಕು ಭೂಮಿಯನ್ನು ಗುರುತಿಸಿ, ಕುರಿಗಾಹಿ ಪರಂಪರೆಯನ್ನು ಮುಂದಿನ ಪೀಳಿಗೆಗೆ ತೋರಿಸುವ ಕೇಂದ್ರವೊಂದನ್ನು ಅವರದೇ ನೆಲದಲ್ಲಿ ಸ್ಥಾಪಿಸಬೇಕು.' ಬರೆದಾದ ಮೇಲೆ ಗಟ್ಟಿಯಾಗಿ ಓದಿಕೊಂಡಳು. ಕಿವಿಗೆ ಹಿತವಾಗಿತ್ತು. ಪೊರಂಬೋಕು ಎಂದರೆ ಯಾರ ಪಟ್ಟಾದಲ್ಲೂ ಇಲ್ಲದ ಸರ್ಕಾರಿ ಜಾಗ. ಅಪ್ಪ ದಿನವೂ ಕುರಿ ಬಿಡುವ ಕಲ್ಲುಬಯಲೂ ಅದೇ ಜಾತಿಯದು ಎಂಬುದು ಅವಳ ನೆನಪಿಗೆ ಬರಲಿಲ್ಲ. ಎಂಟು ವರ್ಷದವಳಿದ್ದಾಗ ಆ ಬಯಲಿನಲ್ಲಿ ಮರಿ ಕಾಯುತ್ತ ಕಾಲಿಗೆ ಮುಳ್ಳು ಚುಚ್ಚಿಸಿಕೊಂಡ ಗುರುತು ಪಾದದಲ್ಲಿ ಇನ್ನೂ ಇತ್ತು. ಪಾದ ಮೇಜಿನ ಕೆಳಗಿತ್ತು.

ಮೊದಲ ಬಹುಮಾನ ಬಂತು. ಶೀಲ್ಡು, ಮತ್ತೊಂದು ಶಾಲು, ಚೆನ್ನೈಯಲ್ಲಿ ನಡೆಯುವ ರಾಜ್ಯಮಟ್ಟದ ಕೊನೇ ಸುತ್ತಿಗೆ ಆಯ್ಕೆ. ಅಲ್ಲಿ ಗೆದ್ದವರಿಗೆ ದೆಹಲಿಯಲ್ಲಿ ಒಂದು ವರ್ಷ ನೀತಿ ಅಧ್ಯಯನಕ್ಕೆ ಅವಕಾಶ ಎಂದು ರಾಜಗೋಪಾಲ್ ಸಾರ್ ಹೇಳಿದರು. ಶೀಲ್ಡು ಹಿಡಿದ ಫೋಟೋವನ್ನು ಅಪ್ಪ ಮಾರಿಯಪ್ಪ ಮೇಟೂರಿಗೆ ಹೋಗಿ ಚೌಕಟ್ಟು ಹಾಕಿಸಿಕೊಂಡು ಬಂದು, ದೇವರ ಪಟದ ಪಕ್ಕದಲ್ಲೇ ತೂಗುಹಾಕಿದ. ಹಟ್ಟಿಯವರೆಲ್ಲ ಬಂದು ನೋಡಿದರು. ಏನು ಬರೆದಿದ್ದಾಳೆ ಎಂದು ಯಾರೂ ಕೇಳಲಿಲ್ಲ. ಬರೆದದ್ದು ನಮ್ಮ ಕೂಸು ತಾನೇ, ಒಳ್ಳೇದೇ ಬರೆದಿರುತ್ತೆ ಅಂದುಕೊಂಡು ಕಾಫಿ ಕುಡಿದು ಹೋದರು.

ಸರ್ಕಾರ ಯಾರ ಮಾತೂ ಕೇಳುವುದಿಲ್ಲ ಎಂಬ ನಂಬಿಕೆಯ ಮೇಲೆ ಈ ದೇಶದಲ್ಲಿ ಎಷ್ಟೋ ಸಲಹೆಗಳು ಹುಟ್ಟುತ್ತವೆ. ಸುಗುಣಾಳ ಗ್ರಹಚಾರ, ಅವಳದನ್ನು ಕೇಳಿಬಿಟ್ಟಿತು.

ಮಳೆ ಶುರುವಾಗುವ ಹೊತ್ತಿಗೆ ಬಯಲಿನ ನಾಲ್ಕು ಮೂಲೆಯ ಬಂಡೆಗಳಿಗೆ ಯಾರೋ ಬಂದು ಹಳದಿ ಬಣ್ಣ ಹಚ್ಚಿದರು. ಆಮೇಲೆ 'ಪರಂಪರೆ ಅಭಿವೃದ್ಧಿ ನಿಗಮ'ದ ಹೆಸರಿನಲ್ಲಿ ಒಂದು ಪ್ರಕಟಣೆ ಬಂತು. ಆಫೀಸಿನ ತಮಿಳು ಬಾಯಿಗೆ ಸಿಕ್ಕುವಂಥದ್ದಲ್ಲವಾದ್ದರಿಂದ ಮಾರಿಯಪ್ಪ ಅದನ್ನು ಮಗಳ ಕೈಗೆ ಕೊಟ್ಟ. ಸುಗುಣಾ ಸರಾಗವಾಗಿ ಓದುತ್ತ ಹೋದಳು. ಮೂರನೇ ಸಾಲಿನಲ್ಲಿ ಓದು ನಿಂತಿತು. ಬಳಕೆಯಲ್ಲಿಲ್ಲದ ಪೊರಂಬೋಕು ಭೂಮಿ, ಮುಂದಿನ ಪೀಳಿಗೆ, ಅವರದೇ ನೆಲ. ಒಂದು ಅಲ್ಪವಿರಾಮವನ್ನೂ ಬದಲಿಸದೆ ಅವಳ ವಾಕ್ಯವನ್ನು ಎತ್ತಿ ಇಟ್ಟಿದ್ದರು. ಸರ್ಕಾರಿ ಕಾಗದದ ಮೇಲೆ ಅದು ಇನ್ನೂ ಚೆನ್ನಾಗಿ ಕಾಣುತ್ತಿತ್ತು.

ಏನಂತೆ ಎಂದು ಅಪ್ಪ ಕೇಳಿದ. ಬಯಲಿನಲ್ಲಿ ಕುರಿಯವರ ಬಗ್ಗೆ ಒಂದು ಕಟ್ಟಡ ಕಟ್ಟುತ್ತಾರಂತೆ, ಸುತ್ತ ಬೇಲಿ ಹಾಕುತ್ತಾರಂತೆ, ಒಪ್ಪಿಗೆ ಕೇಳೋಕೆ ಬರುತ್ತಾರಂತೆ ಎಂದಳು. ಯಾರ ಮಾತಿನ ಮೇಲೆ ಎಂಬುದನ್ನು ಮಾತ್ರ ಹೇಳಲಿಲ್ಲ.

"ಕಟ್ಟಡದಾಗೆ ಕುರಿಗೆ ಮೇವು ಐತಾ?" ಅಂದ ಅಪ್ಪ.

ಇಲ್ಲ, ಕುರಿಗಾಹಿಗಳ ಕಂಬಳಿ, ಕೋಲು, ಗಂಟೆ ಇವನ್ನೆಲ್ಲ ಗಾಜಿನ ಪೆಟ್ಟಿಗೆಯಲ್ಲಿ ಇಡುತ್ತಾರೆ ಎಂದಳು. ಮಾರಿಯಪ್ಪ ಹೆಗಲ ಮೇಲಿನ ಕಂಬಳಿಯನ್ನು ಒಮ್ಮೆ ಮುಟ್ಟಿ ನೋಡಿಕೊಂಡ. ಮಳೆ ಬಿದ್ದು ರಾಗಿ, ಕಡಲೆಕಾಯಿ ಬಿತ್ತಿದ ಮೇಲೆ ಹೊಲದ ಕಡೆ ಕುರಿ ಸುಳಿಯುವಂತಿಲ್ಲ. ಮೇಲೆ ಮಲೆಗೆ ಹೊಡೆದರೆ ಅರಣ್ಯದವರು ಬಿಡುವುದಿಲ್ಲ. ಆ ನಾಲ್ಕು ತಿಂಗಳು ಹಟ್ಟಿಯ ಕುರಿಗಳಿಗೆಲ್ಲ ಇದ್ದದ್ದು ಅದೊಂದೇ ಬಯಲು. "ಬಯಲು ಓದ್ರೆ ಕುರಿ ಮಾರೋದೇ. ಬ್ಯಾರೆ ದಾರಿ ಇಲ್ಲ" ಎಂದು, ಬೇರೆ ಯಾರದೋ ಕುರಿಯ ವಿಷಯ ಹೇಳುವವನ ಹಾಗೆ ಹೇಳಿ ಎದ್ದು ಹೋದ. ಗೋಡೆಯ ಮೇಲೆ ಶೀಲ್ಡು ಹಿಡಿದ ಸುಗುಣಾ ಹಲ್ಲು ಕಿರಿಯುತ್ತಿದ್ದಳು. ಕೆಳಗಿದ್ದ ಸುಗುಣಾಗೆ ಆ ಹಲ್ಲನ್ನು ಉದುರಿಸಬೇಕು ಅನ್ನಿಸಿತು.

ಮಾರನೇ ದಿನ ಅವಳು ರಾಜಗೋಪಾಲ್ ಸಾರ್ ಬಳಿ ಹೋಗಿ ಶಿಫಾರಸನ್ನು ವಾಪಸು ಪಡೆಯುತ್ತೇನೆ ಎಂದಳು. ಸಾರ್ ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, ಅವಳನ್ನು ಬಹಳ ಕರುಣೆಯಿಂದ ನೋಡಿದರು. ನೀತಿ ಎಂದರೆ ನಿಲುವು, ನಿಲುವನ್ನು ಬದಲಿಸಬೇಕಾದರೆ ನಡುವೆ ಒಂದು ಚುನಾವಣೆಯಾದರೂ ಬರಬೇಕು ಎಂದರು. ಕೊನೇ ಸುತ್ತಿಗೆ ಹೋಗುತ್ತಿರುವ ವಿದ್ಯಾರ್ಥಿನಿ ತನ್ನ ಪ್ರಬಂಧವನ್ನೇ ಅಲ್ಲಗಳೆದರೆ ಹೆಸರು ತೆಗೆಯುತ್ತಾರೆ, ಕಾಲೇಜಿನ ಮಾನವೂ ಹೋಗುತ್ತೆ ಎಂದರು. ಚೆನ್ನೈ ಮುಗಿಸಿಕೊಂಡು ಬಾ, ದೆಹಲಿಗೂ ಹೋಗಿ ಬಾ, ಆಮೇಲೆ ಭೂಮಿ ಕಳೆದುಕೊಂಡ ಕುರಿಗಾಹಿಗಳ ಬಗ್ಗೆ ಇನ್ನೂ ಒಳ್ಳೆ ಪ್ರಬಂಧ ಬರೆಯಬಹುದು ಎಂದು ಸಮಾಧಾನವನ್ನೂ ಹೇಳಿದರು. ಇದು ತಮಾಷೆಯೋ ಎಂದು ಸುಗುಣಾ ಅವರ ಮುಖ ನೋಡಿದಳು. ತಮಾಷೆಯಾಗಿರಲಿಲ್ಲ. ಇನ್ನೂ ಕೆಟ್ಟದ್ದೆಂದರೆ, ಬಸ್ಸಿನಲ್ಲಿ ಮನೆಗೆ ಬರುವಾಗ ಆ ಎರಡನೇ ಪ್ರಬಂಧದ ಮೊದಲ ಸಾಲು ಅವಳ ತಲೆಯಲ್ಲಿ ಆಗಲೇ ಮೂಡಿತ್ತು.

ಒಪ್ಪಿಗೆ ಕೇಳುವ ಸಭೆಗೆ ಮುಂಚೆಯೇ ಕುರಿಗಳು ಬಂದವು. ಸಿಮೆಂಟಿನವು. ಒಂದು ಲಾರಿ ತುಂಬ ಬಂದು ಬಯಲಿನ ಅಂಚಿನಲ್ಲಿ ಇಳಿದವು. ಒಪ್ಪಿಗೆ ಆಮೇಲೆ ಬರುವುದು, ಟೆಂಡರ್ ಮೊದಲು ಬರುವುದು, ಇದು ಎಲ್ಲ ಕಡೆ ಇರುವ ಕ್ರಮ. ಸಪ್ಪಲಮ್ಮ ಕೋಲೂರಿಕೊಂಡು ಹೋಗಿ ಒಂದೊಂದನ್ನೂ ಸುತ್ತಿ ನೋಡಿ ಬಂದು, ಕಿವಿ ನಾಯಿದು, ಬಾಲ ಹಂದಿದು, ಮುಖ ಮಾತ್ರ ಯಾರೋ ಅಧಿಕಾರಿದು ಎಂದು ತೀರ್ಪು ಕೊಟ್ಟಳು. ಸುಗುಣಾಗೆ ನಗು ಬರಬೇಕಿತ್ತು. ಅವಳು ಅನ್ನ ಬಿಟ್ಟು ಎದ್ದು ಹೋದಳು.

ಬಿಳಿಕಲ್ಲಹಟ್ಟಿಯಲ್ಲಿ ಒಪ್ಪಿಗೆ ಕೇಳುವುದಕ್ಕೆ ಬೇರೆಯದೇ ಒಂದು ಪದ್ಧತಿ ಇದೆ. ಊರಮ್ಮನಿಗೆ ಬಿಟ್ಟ ಟಗರೊಂದು ಹಟ್ಟಿಯಲ್ಲಿ ಯಾವಾಗಲೂ ಇರುತ್ತದೆ. ಮದುವೆ ಗೊತ್ತು ಮಾಡುವುದಿರಲಿ, ಬಾವಿ ತೋಡುವುದಿರಲಿ, ಪೂಜಾರಿ ಕುಪ್ಪಸ್ವಾಮಿ ಅದನ್ನು ನಡುವೆ ನಿಲ್ಲಿಸಿ, ಕೇಳಬೇಕಾದ್ದನ್ನು ಗಟ್ಟಿಯಾಗಿ ಕೇಳಿ, ಮೇಲೆ ಅರಿಸಿನದ ನೀರು ಹುಯ್ಯುತ್ತಾನೆ. ಟಗರು ಮೈ ಒದರಿದರೆ ಅಮ್ಮ ಒಪ್ಪಿದಳು ಎಂದರ್ಥ. ಮೂರು ಸಲ ಹುಯ್ದರೂ ಸುಮ್ಮನೆ ನಿಂತರೆ ಇಲ್ಲ ಎಂದರ್ಥ. ಅದರ ಮೇಲೆ ಮಾತಿಲ್ಲ. ಒಂದು ಸಲ ಯಾವನೋ ಕಿಲಾಡಿ, ಯಾವ ಪಕ್ಷಕ್ಕೆ ವೋಟು ಹಾಕೋಣ ಎಂದು ಒಂದೊಂದೇ ಗುರುತಿನ ಹೆಸರು ಹೇಳಿ ನೀರು ಹುಯ್ಸಿದನಂತೆ. ಟಗರು ಮಲಗಿ ಮೆಲುಕು ಹಾಕತೊಡಗಿತಂತೆ. ಸುಗುಣಾಳ ವಿಡಿಯೋಗಳಿಗಿಂತ ಅದೇ ಸರಿಯಾದ ವಿಮರ್ಶೆ ಎಂದು ಹಟ್ಟಿಯವರ ಅಭಿಪ್ರಾಯ. ಈಗಿನ ಟಗರಿನ ಹೆಸರು ಕರಿಯ.

ಸಭೆಯ ದಿನ ಬಯಲಿನಲ್ಲಿ ಶಾಮಿಯಾನ ಎದ್ದಿತು. ನಿಗಮದ ಅಧಿಕಾರಿ ಪ್ರಭಾಕರ್ ಬಂದರು. ಬಿಳಿ ಪ್ಯಾಂಟು, ಹೆಗಲ ಮೇಲೆ ಅಂದೇ ಕೊಂಡ ಕಂಬಳಿ. ಜತೆಗೆ ಬರೆದುಕೊಳ್ಳುವ ಗುಮಾಸ್ತ ಮತ್ತು ಕ್ಯಾಮೆರಾದ ಶೇಖರ್. ಹಟ್ಟಿಯವರು ಹಿಂದಿನ ಸಂಜೆಯೇ ಕೂತು ತೀರ್ಮಾನ ಮಾಡಿದ್ದರು: ಬಯಲು ಕೊಡುವುದಿಲ್ಲ, ಎಲ್ಲರ ಪರವಾಗಿ ಮಾರಿಯಪ್ಪ ಎದ್ದು ಹೇಳಬೇಕು. ಮಾರಿಯಪ್ಪ ಮಡಿ ಪಂಚೆ ಉಟ್ಟು, ಹೇಳಬೇಕಾದ್ದನ್ನು ಕುರಿಗಳ ಮುಂದೆ ಎರಡು ಸಲ ಹೇಳಿ ನೋಡಿಕೊಂಡು ಬಂದಿದ್ದ. ಸುಗುಣಾ ಹೆಂಗಸರ ಹಿಂದೆ ಅಡಗಿದಂತೆ ಕೂತಿದ್ದಳು. ಅಪ್ಪ ಹೇಳಿಬಿಡುತ್ತಾನೆ, ಇವರು ಹೊರಟುಹೋಗುತ್ತಾರೆ, ತಾನು ಚೆನ್ನೈಗೆ ಹೋಗುತ್ತೇನೆ, ಯಾರಿಗೂ ಏನೂ ಗೊತ್ತಾಗುವುದಿಲ್ಲ. ಅವಳ ಲೆಕ್ಕಾಚಾರ ಇಷ್ಟು. ದೇಶದ ನಾಯಕರ ಹೇಡಿತನವನ್ನು ವಾರಕ್ಕೊಮ್ಮೆ ಬಯಲಿಗೆಳೆಯುತ್ತಿದ್ದವಳ ಲೆಕ್ಕಾಚಾರ ಇದು.

ಪ್ರಭಾಕರ್ ಮೈಕು ಹಿಡಿದರು. ಯೋಜನೆ ಓದಿದರು. ಗಾಜಿನ ಪೆಟ್ಟಿಗೆ, ಟಿಕೆಟ್ ಕೌಂಟರ್, ಸೆಲ್ಫಿ ತೆಗೆದುಕೊಳ್ಳಲು ಸಿಮೆಂಟ್ ಕುರಿ, ಎಲ್ಲವನ್ನೂ ವರ್ಣಿಸಿದರು. ಕೊನೆಗೆ, ಇದು ನಮ್ಮ ತಲೆಯಿಂದ ಬಂದದ್ದಲ್ಲ, ನಿಮ್ಮ ಹಟ್ಟಿಯ ಮಗಳು ಸುಗುಣಾ ಬರೆದ ಶಿಫಾರಸು, ಅವರು ವೇದಿಕೆಗೆ ಬರಬೇಕು ಎಂದು ಚಪ್ಪಾಳೆ ತಟ್ಟಿದರು. ಹೆಂಗಸರು ಅವಳನ್ನು ಎಬ್ಬಿಸಿ ಮುಂದೆ ನೂಕಿದರು. ಸುಗುಣಾ ಹೋಗಿ ಕುರ್ಚಿಯ ಮೇಲೆ ಕೂತಳು. ಹೆಗಲಿಗೆ ಶಾಲು ಬಿತ್ತು. ಇಷ್ಟು ಶಾಲು ಬಿದ್ದ ಹೆಗಲು ಹಿಂದೆಂದೂ ಇಷ್ಟು ಭಾರವಾಗಿರಲಿಲ್ಲ.

ಯಾರಾದರೂ ಮಾತಾಡುವುದಿದೆಯೇ ಎಂದು ಪ್ರಭಾಕರ್ ಕೇಳಿದರು. ಮಾರಿಯಪ್ಪ ಎದ್ದು ನಿಂತ. ಮಗಳನ್ನು ನೋಡಿದ. ಆ ನೋಟದಲ್ಲಿ ಸಿಟ್ಟು ಇದ್ದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. ಸಿಟ್ಟಿರಲಿಲ್ಲ.

"ನಮ್ ಕೂಸು ಬರ್ದದ್ದು ಅಂದ್ರೆ..." ಎಂದ. "ನಾವು ಏನ್ ಏಳಾದು" ಎಂದು ಕೂತುಬಿಟ್ಟ.

ಬೇರೆ ಯಾರೂ ಏಳಲಿಲ್ಲ. ಹೊರಗಿನವರ ಎದುರಿಗೆ, ಕ್ಯಾಮೆರಾದ ಎದುರಿಗೆ, ಹಟ್ಟಿಯ ಹೆಣ್ಣುಮಗಳ ಮಾತನ್ನು ತೆಗೆದುಹಾಕಿ ಅವಳ ಮುಖ ಸಣ್ಣದು ಮಾಡುವವರು ಅಲ್ಲಿ ಯಾರೂ ಇರಲಿಲ್ಲ. ಬಯಲು ಹೋದರೆ ಕುರಿ ಹೋಗುತ್ತೆ ಎಂದು ಎಲ್ಲರಿಗೂ ಗೊತ್ತಿತ್ತು. ಆದರೂ ಬಾಯಿ ಬಿಗಿದುಕೊಂಡು ಕೂತರು. ಇಂಥ ಪೆದ್ದುತನ ಮಾಡಬಲ್ಲ ಜನ ಈ ಜಿಲ್ಲೆಯಲ್ಲಿ ಬೇರೆ ಎಲ್ಲೂ ಸಿಗಲಿಕ್ಕಿಲ್ಲ. ಕೊನೆಗೆ ಪೂಜಾರಿ ಕುಪ್ಪಸ್ವಾಮಿಯೇ ಒಂದು ದಾರಿ ಹುಡುಕಿದ. ಮನುಷ್ಯರು ಹೇಳುವುದು ಬೇಡ, ಅಮ್ಮನನ್ನೇ ಕೇಳಿಬಿಡೋಣ ಎಂದ. ಮಗುವಿನ ಮಾನವೂ ಉಳಿಯಬೇಕು, ಬಯಲೂ ಉಳಿಯಬೇಕು ಎಂದರೆ ಆ ಮೂಕ ಪ್ರಾಣಿಯೇ ಗತಿ ಎಂದು ಅವನಿಗೆ ತೋರಿತ್ತು.

ಪದ್ಧತಿ ಏನೆಂದು ಕೇಳಿ ತಿಳಿದ ಪ್ರಭಾಕರ್ ಹಿಗ್ಗಿ ಹೀರೇಕಾಯಿಯಾದರು. ಸಂಸ್ಕೃತಿ ಎಂದರೆ ಇದು, ಇದನ್ನೇ ಉಳಿಸುವುದಕ್ಕೆ ನಾವು ಬಂದಿರುವುದು ಎಂದರು. ಶೇಖರನಿಗೆ ಕ್ಯಾಮೆರಾ ತಿರುಗಿಸಲು ಹೇಳಿ, ಕಂಬಳಿ ಸರಿಮಾಡಿಕೊಂಡು, ಟಗರು ಏನು ಹೇಳುತ್ತದೋ ಸರ್ಕಾರ ಅದಕ್ಕೆ ತಲೆಬಾಗುತ್ತದೆ ಎಂದು ಘೋಷಿಸಿದರು. ಚೊಂಬನ್ನು ಪೂಜಾರಿಯ ಕೈಯಿಂದ ತಾವೇ ಇಸಿದುಕೊಂಡರು. ಈ ಬಯಲಿನಲ್ಲಿ ಕೇಂದ್ರ ಕಟ್ಟಲು ಒಪ್ಪಿಗೆಯೇ ಎಂದು ತಮಿಳಿನಲ್ಲಿ ಕೇಳಿ ಕರಿಯನ ಬೆನ್ನ ಮೇಲೆ ಹುಯ್ದರು. ಕರಿಯ ನಿಂತೇ ಇತ್ತು. ಫೋಟೋ ಸರಿ ಬಂದಿಲ್ಲವೆಂದು ಇನ್ನೊಂದು ಸಲ ಹುಯ್ದರು. ಮೂರನೇ ಸಲವೂ ಹುಯ್ದರು. ಉಣ್ಣೆ ನೀರು ಕುಡಿಯಿತು. ಕರಿಯ ಕಣ್ಣೂ ಮಿಟುಕಿಸಲಿಲ್ಲ.

ಶಾಮಿಯಾನದ ಕೆಳಗೆ ಉಸಿರು ಬಿಟ್ಟ ಸದ್ದು ಕೇಳಿಸಿತು. ಮಾರಿಯಪ್ಪ ಕಣ್ಣು ಮುಚ್ಚಿ ಕೈ ಮುಗಿದ. ಅಮ್ಮ ಇಲ್ಲ ಅಂದಳು, ಮುಗಿಯಿತು. ಹೆಂಗಸರು ಸೆರಗು ಕೊಡವಿ ಏಳತೊಡಗಿದರು.

ಪ್ರಭಾಕರ್ ಕೈಯೊರೆಸಿಕೊಂಡು ಗುಮಾಸ್ತನಿಗೆ ಬರೆಸಿದರು: ಸಭೆಯಲ್ಲಿ ಹಾಜರಿದ್ದ ಯಾರಿಂದಲೂ ಆಕ್ಷೇಪಣೆ ಬರಲಿಲ್ಲ, ಊರಿನ ಸಂಪ್ರದಾಯದಂತೆ ಟಗರನ್ನೂ ಕೇಳಲಾಗಿ ಅದೂ ಆಕ್ಷೇಪಣೆ ಸಲ್ಲಿಸಲಿಲ್ಲ.

ಕುಪ್ಪಸ್ವಾಮಿ ಗಾಬರಿಯಾಗಿ, ಸುಮ್ಮನಿದ್ದರೆ ಇಲ್ಲ ಎಂದರ್ಥ ಸಾಮಿ ಎಂದ. ಪ್ರಭಾಕರ್ ನಕ್ಕರು. ಸುಮ್ಮನಿದ್ದರೆ ಒಪ್ಪಿಗೆ ಎಂದರ್ಥ ಪೆರಿಯವರೇ, ನಿಯಮದಲ್ಲಿ ಹಾಗೇ ಇದೆ ಎಂದರು. ಬೇಕಾದರೆ ನಿಮ್ಮ ಹಟ್ಟಿಯ ಮಗಳನ್ನೇ ಕೇಳಿ, ರಾಜ್ಯಶಾಸ್ತ್ರ ಓದಿದ್ದಾರೆ ಎಂದು ಸುಗುಣಾಳ ಕಡೆ ಕೈ ತೋರಿದರು.

ಎಲ್ಲರೂ ಅವಳ ಕಡೆ ತಿರುಗಿದರು. ಸುಗುಣಾ ಸುಮ್ಮನೆ ಕೂತಿದ್ದಳು. ಒಂದು ಕ್ಷಣ ಅವಳಿಗೆ ಎರಡೂ ಕಡೆಯ ನಿಯಮ ಒಟ್ಟಿಗೇ ಹೊಳೆಯಿತು. ತಾನು ಹೀಗೇ ಸುಮ್ಮನೆ ಕೂತರೆ ಹಟ್ಟಿಯವರು, ಪಾಪ, ನಮ್ಮ ಕೂಸು ಇಲ್ಲ ಅಂತಿದೆ ಎಂದು ತಿಳಿಯುತ್ತಾರೆ. ಗುಮಾಸ್ತ, ಹೌದು ಎಂದು ಬರೆದುಕೊಳ್ಳುತ್ತಾನೆ. ಎರಡು ಕಡೆಯೂ ಒಳ್ಳೆಯವಳಾಗಿ ಚೆನ್ನೈ ರೈಲು ಹತ್ತಬಹುದು. ಇದಕ್ಕಿಂತ ಒಳ್ಳೆ ರಾಜಕೀಯ ಯಾರಿಗೆ ಸಿಕ್ಕೀತು? ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

ಅವಳು ಶಾಲನ್ನು ಕುರ್ಚಿಯ ಮೇಲಿಟ್ಟು ಕೆಳಗಿಳಿದಳು. ಪ್ರಭಾಕರ್ ಕೆಳಗಿಟ್ಟಿದ್ದ ಚೊಂಬನ್ನು ತೆಗೆದುಕೊಂಡು ಕುಪ್ಪಸ್ವಾಮಿಯ ಕೊಡದಿಂದ ನೀರು ತುಂಬಿಕೊಂಡಳು. ಕ್ಯಾಮೆರಾ ತಿರುಗಿಸಣ್ಣ ಎಂದು ಶೇಖರನಿಗೆ ಹೇಳಿದಳು. ಕರಿಯನ ಮುಂದೆ ಹೋಗಿ ನಿಂತಳು. ತಮಿಳಿನ ದೊಡ್ಡ ದೊಡ್ಡ ಮಾತೆಲ್ಲ ಗಂಟಲಿಗೆ ಬಂದು ವಾಪಸು ಹೋದವು. ಊರಮ್ಮನ ಜತೆ ಆ ತಮಿಳನ್ನು ಅವಳು ಎಂದೂ ಆಡಿರಲಿಲ್ಲ.

"ಈ ಬಯಲು ಬಳಕೇಲಿ ಇಲ್ಲ ಅಂತ ನಾನು ಬರ್ದೆ. ಸುಳ್ಳು. ಯಾರನ್ನೂ ಕೇಳ್ದೆ ಬರ್ದೆ. ನಮ್ಮಪ್ಪನ್ನೂ ಕೇಳ್ನಿಲ್ಲ. ನಾನು ಬರ್ದಿದ್ದು ತಪ್ಪಾ? ಬಯಲು ಕುರಿಗೇ ಇರ್ಲಾ? ಏಳವ್ವ."

ಹುಯ್ದಳು. ಅವಳ ಕೈ ಬೆನ್ನ ಕಡೆಗಿಂತ ಕಿವಿಯ ಕಡೆಗೇ ತುಸು ಹೆಚ್ಚು ವಾಲಿತ್ತು ಎಂದು ಸಪ್ಪಲಮ್ಮ ಇವತ್ತಿಗೂ ಹೇಳುತ್ತಾಳೆ. ಅದು ಅಮ್ಮನೋ, ಕಿವಿಯೊಳಕ್ಕೆ ಇಳಿದ ತಣ್ಣೀರೋ, ಅಂಥ ಪ್ರಶ್ನೆ ಕೇಳುವ ಚಟ ಹಟ್ಟಿಯಲ್ಲಿ ಯಾರಿಗೂ ಇಲ್ಲ. ಕರಿಯ ತಲೆ ತಗ್ಗಿಸಿತು. ಜನ ಕಾದರು. ಸುಗುಣಾ ಚೊಂಬು ಹಿಡಿದು ನಿಂತಿದ್ದಳು. ಆಗ ಕರಿಯ ಕೊಂಬಿನಿಂದ ಬಾಲದವರೆಗೂ ಮೈ ಒದರಿತು. ಪ್ರಭಾಕರರು ಪ್ರೀತಿಯಿಂದ ಹುಯ್ದಿದ್ದ ಮೂರು ಚೊಂಬು ನೀರೂ ಅರಿಸಿನದ ಸಮೇತ ಅವರ ಮುಖಕ್ಕೆ, ಬಿಳಿ ಪ್ಯಾಂಟಿಗೆ, ಗುಮಾಸ್ತನ ಕಾಗದಕ್ಕೆ, ಕ್ಯಾಮೆರಾಕ್ಕೆ ಬಂದು ಬಿತ್ತು.

ಹಟ್ಟಿ ಎದ್ದು ನಿಂತಿತು. ಪ್ರಭಾಕರ್ ಎಷ್ಟಾದರೂ ಅಧಿಕಾರಿ. ಮುಖ ಒರೆಸಿಕೊಳ್ಳುತ್ತಲೇ, ಈಗ ಒಪ್ಪಿತಲ್ಲ, ಬರೆದುಕೋ ಎಂದು ಗುಮಾಸ್ತನಿಗೆ ಹೇಳಿದರು. ಆಗ ಸುಗುಣಾ ತಮಿಳಿನಲ್ಲಿ, ಒಂದೂ ಅಲಂಕಾರವಿಲ್ಲದೆ ಹೇಳಿದಳು: ನಾನು ಯಾವ ಪ್ರಶ್ನೆ ಕೇಳಿದೆನೋ ಟಗರು ಅದಕ್ಕೆ ಉತ್ತರ ಕೊಟ್ಟಿದೆ ಸಾರ್, ಪ್ರಶ್ನೆ ನಿಮ್ಮ ಕ್ಯಾಮೆರಾದಲ್ಲೇ ಇದೆ, ಟಗರಿನ ಮಾತಿಗೆ ಸರ್ಕಾರ ತಲೆಬಾಗುತ್ತದೆ ಎಂದು ನೀವು ಹೇಳಿದ್ದೂ ಇದೆ. ಶಿಫಾರಸು ಬರೆದವಳು ಅದನ್ನು ಹಿಂದೆಗೆದುಕೊಂಡಿದ್ದಾಳೆ ಎಂದೂ ಬರೆಸಿಕೊಳ್ಳಿ. ಗುಮಾಸ್ತ ಒದ್ದೆ ಕಾಗದ ಬದಲಿಸಿ, ಅಧಿಕಾರಿಯ ಮುಖ ಒಮ್ಮೆ ನೋಡಿ, ಬರೆದುಕೊಂಡ.

ಆಮೇಲೆ ಆಗಬೇಕಾದ್ದೆಲ್ಲ ಆಯಿತು. 'ಹೆಚ್ಚಿನ ಅಧ್ಯಯನಕ್ಕಾಗಿ' ಎಂದು ಯೋಜನೆ ಒಂದು ಕಪಾಟು ಸೇರಿತು. ಸರ್ಕಾರದಲ್ಲಿ ಏನಾದರೂ ಸಾಯುವುದೆಂದರೆ ಹೀಗೆ. ಸುಗುಣಾಳ ಹೆಸರನ್ನು ಕೊನೇ ಸುತ್ತಿನಿಂದ ತೆಗೆದರು. ಸ್ಥಿರವಾದ ನಿಲುವಿಲ್ಲ ಎಂದು ಕಾರಣ ಕೊಟ್ಟರು. ಅವಳ ಜಾಗದಲ್ಲಿ ಕಾರಿಮಂಗಲಂನ ಹುಡುಗನೊಬ್ಬ, ಬಳಕೆಯಲ್ಲಿಲ್ಲದ ಕೆರೆಗಳ ಬಗ್ಗೆ ಬರೆದವನು, ಚೆನ್ನೈಗೆ ಹೋದ. ರಾಜಗೋಪಾಲ್ ಸಾರ್ ಒಂದು ತಿಂಗಳು ಅವಳ ಜತೆ ಮಾತಾಡಲಿಲ್ಲ. ರಾತ್ರಿ ಕೌದಿಯೊಳಗೆ ಮುಖ ಹುದುಗಿಸಿ ಅವಳು ಅತ್ತದ್ದೂ ಉಂಟು. ದೆಹಲಿ ಅವಳಿಗೆ ನಿಜವಾಗಿ ಬೇಕಿತ್ತು, ಅದನ್ನು ಸುಳ್ಳು ಹೇಳಿ ಪ್ರಯೋಜನವಿಲ್ಲ. ಸಿಮೆಂಟಿನ ಕುರಿಗಳು ಮಾತ್ರ ಬಯಲಿನಲ್ಲೇ ಉಳಿದವು. ತರುವುದಕ್ಕೆ ಆದೇಶವಿತ್ತು, ಒಯ್ಯುವುದಕ್ಕೆ ಇರಲಿಲ್ಲ. ಜೀವದ ಕುರಿಗಳು ಬೆನ್ನು ತುರಿಸಿದಾಗ ಹೋಗಿ ಅವಕ್ಕೆ ಮೈ ಉಜ್ಜಿಕೊಂಡು ಬರುತ್ತವೆ. ಒಂದು ಸರ್ಕಾರಿ ಯೋಜನೆಯಿಂದ ಕುರಿಗಳಿಗೆ ಇಷ್ಟು ನೇರವಾದ ಲಾಭ ಹಿಂದೆ ಆದದ್ದಿಲ್ಲ.

'ಕಡೈಸಿ ಬೆಂಚು' ತಿಂಗಳುಗಟ್ಟಲೆ ಖಾಲಿ ಇತ್ತು. ಒಂದು ಸಂಜೆ ಮಾರಿಯಪ್ಪ ಕುರಿಗಳನ್ನು ರೊಪ್ಪಕ್ಕೆ ಸೇರಿಸಿ ಬಂದು ಜಗಲಿಯ ಮೇಲೆ ಕಾಫಿ ಕುಡಿಯುತ್ತಿದ್ದಾಗ, ಸುಗುಣಾ ಹೊಸದೊಂದನ್ನು ಬರೆದುಕೊಂಡು ಬಂದು ಎದುರಿಗೆ ಕೂತಳು. ನಡೆದದ್ದನ್ನೇ ಬರೆದಿದ್ದಳು. ಹಾಕುವುದಕ್ಕೆ ಮುಂಚೆ ಓದುತ್ತೇನೆ, ಕೇಳಪ್ಪ ಎಂದಳು. ತಮಿಳಿನಲ್ಲಿದ್ದದ್ದನ್ನು ಒಂದೊಂದೇ ಸಾಲು ಕನ್ನಡಕ್ಕೆ ತಿರುಗಿಸಿ ಹೇಳಬೇಕಾಯಿತು. ಕೆಲವು ಕಡೆ ಅವಳ ಬಳಿ ಕನ್ನಡದ ಮಾತೇ ಇರಲಿಲ್ಲ, ಅಜ್ಜಿ ಒದಗಿಸಿದಳು. ಪಾಲಮಲೆಯ ಬುಡದ ಮುಗ್ಧ ಜನ, ಲೋಕದ ಕಪಟ ಅರಿಯದ ಕುರಿಗಾಹಿಗಳು, ಅಧಿಕಾರದ ಸೊಕ್ಕನ್ನು ಒಂದು ಟಗರಿನಿಂದ ಮಣಿಸಿದರು. ನುಡಿ ಹದವಾಗಿತ್ತು, ಏಟು ಬೀಳಬೇಕಾದ ಕಡೆ ಬಿದ್ದಿತ್ತು. ತಾನು ಬರೆದ ಶಿಫಾರಸು ಎಲ್ಲೋ ಒಂದು ಮೂಲೆಯಲ್ಲಿ, ಯಾರೋ ಬರೆದದ್ದು ಎಂಬಂತೆ, ಅರ್ಧ ಸಾಲಿನಲ್ಲಿ ಬಂದು ಹೋಗಿತ್ತು.

"ಮುಗ್ಧ ಅಂದ್ರೆ ಯಾರ್ ಲೇ ಅದು? ನಾನಾ?" ಅಂದಳು ಸಪ್ಪಲಮ್ಮ.

ಸುಗುಣಾ ಓದಿ ಮುಗಿಸಿ, ಹೆಂಗೈತಪ್ಪ ಎಂದು ಕೇಳಿದಳು. ಮಾರಿಯಪ್ಪ ಲೋಟ ಕೆಳಗಿಟ್ಟಿದ್ದ. ಬಯಲಿನ ಕಡೆ ಮುಖ ಮಾಡಿ ಕೂತಿದ್ದ. ಅವಳು ಇನ್ನೊಂದು ಸಲ ಕೇಳಿದಳು. ಅವನು ಏನೂ ಹೇಳಲಿಲ್ಲ, ತಲೆಯನ್ನೂ ಅಲುಗಿಸಲಿಲ್ಲ. ಮೂರನೇ ಸಲ ಕೇಳಲು ಬಾಯಿ ತೆರೆದವಳಿಗೆ ಅವನ ಮುಖ ನೋಡಿ ಕರಿಯ ನೆನಪಾಯಿತು. ಫೋನು ಕೈಗೆತ್ತಿಕೊಂಡು, ಬರೆದದ್ದನ್ನೆಲ್ಲ ಅಳಿಸಿ, ಅಪ್ಪನ ಪಕ್ಕಕ್ಕೆ ಸರಿದು ಕೂತು, ಮೊದಲಿನಿಂದ ಶುರುಮಾಡಿದಳು.